ಹಲ್ಲಿಗೆ ಕ್ಲಿಪ್: ಒಂದು ತಿಂಗಳ ರಜೆಯಲ್ಲಿ ಮುಗಿಯುವ ಕೆಲಸವಲ್ಲ

ಊರಿಗೆ ಹೊರಡುವ ಗಲ್ಫ್ ಕನ್ನಡಿಗರ ರಜೆಯ ಪಟ್ಟಿ ಯಾವಾಗಲೂ ಉದ್ದ. ಮನೆ ರಿಪೇರಿ, ಮದುವೆ, ಬ್ಯಾಂಕ್ ಕೆಲಸ, ಅದರ ಜೊತೆಗೆ 'ಈ ಸಲ ಹಲ್ಲೂ ಸರಿ ಮಾಡಿಸ್ಕೊಂಡು ಬರೋಣ' ಅನ್ನೋ ಆಸೆ. ಹುಳುಕು ತುಂಬಿಸುವುದು, ಹಲ್ಲು ಕೀಳಿಸುವುದು, ಕ್ಲೀನಿಂಗ್ ಎಲ್ಲ ರಜೆಯಲ್ಲೇ ಮುಗಿಯುತ್ತದೆ. ಆದರೆ ಉಬ್ಬು ಹಲ್ಲು, ಓರೆಕೋರೆ ಹಲ್ಲು ಸರಿಪಡಿಸುವ ಚಿಕಿತ್ಸೆಗೆ ಸಾಮಾನ್ಯವಾಗಿ 12ರಿಂದ 24 ತಿಂಗಳು ಬೇಕು. ಹಾಗಾಗಿ ಖರ್ಚೆಷ್ಟು ಎಂದು ಕೇಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಮುಂದಿನ ಎರಡು ವರ್ಷ ಎಲ್ಲಿರುತ್ತೇವೆ?

ಇಷ್ಟು ಸಮಯ ಯಾಕೆ?

ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ತೆಳುವಾದ ನಾರಿನ ಪದರ ಇರುತ್ತದೆ. ಕ್ಲಿಪ್ಪಿನ ತಂತಿ ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತಿದಾಗ ಆ ಕಡೆಯ ಮೂಳೆ ಕರಗುತ್ತದೆ, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಹೀಗೆ ಹಲ್ಲು ಸರಿಯುವುದು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಬೇಗ ಆಗಲಿ ಅಂತ ಜೋರಾಗಿ ಎಳೆದರೆ ಬೇರು ಸವೆದು ಗಿಡ್ಡವಾಗುವ ಅಪಾಯವಿದೆ. ವಸಡು, ಮೂಳೆ ಗಟ್ಟಿಯಾಗಿದ್ದರೆ ನಲವತ್ತು ದಾಟಿದವರೂ ಮಾಡಿಸಬಹುದು.

ಯಾವ ಕ್ಲಿಪ್?

ಲೋಹದ ಕ್ಲಿಪ್ ಎಲ್ಲಕ್ಕಿಂತ ಅಗ್ಗ, ಗಟ್ಟಿ; ಹೆಚ್ಚು ಕಷ್ಟದ ಕೇಸಿಗೂ ಆಗುತ್ತದೆ. ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ ಎದ್ದು ಕಾಣುವುದಿಲ್ಲ, ಆದರೆ ದುಬಾರಿ, ಒಡೆಯುವುದೂ ಬೇಗ. ಮೂರನೆಯದು ಪಾರದರ್ಶಕ ಪ್ಲಾಸ್ಟಿಕ್ಕಿನ ಅಲೈನರ್. ಊಟಕ್ಕೆ, ಹಲ್ಲುಜ್ಜಲು ಮಾತ್ರ ತೆಗೆದು ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಂಡಿರಬೇಕು. ಸೈಟಿನಲ್ಲಿ, ಅಡುಗೆಮನೆಯಲ್ಲಿ ದುಡಿಯುತ್ತಾ ಆಗಾಗ ಚಹಾ ಕುಡಿಯುವವರಿಗೆ ಇದು ಹೇಳಿದಷ್ಟು ಸುಲಭವಲ್ಲ.

ಡಾಕ್ಟರು ಬಾಯಿ ನೋಡದೆ ಅಂಚೆಯಲ್ಲಿ ಬರುವ ಅಲೈನರ್ ಬೇಡವೇ ಬೇಡ. ಅಮೆರಿಕದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಹೀಗೆ ಮನೆಗೆ ಕಳಿಸುತ್ತಿದ್ದ ದೊಡ್ಡ ಕಂಪನಿ. 2023ರ ಡಿಸೆಂಬರಿನಲ್ಲಿ ಅದು ಬಾಗಿಲು ಮುಚ್ಚಿದಾಗ ಚಿಕಿತ್ಸೆಯ ನಡುವೆ ಇದ್ದವರು ಕೇಳುವವರಿಲ್ಲದಂತಾದರು.

ಎರಡೇ ಭೇಟಿಯಲ್ಲಿ ಸುಂದರ ನಗು?

ಇಂಥ ಜಾಹೀರಾತು ಹೆಚ್ಚಾಗಿ ವಿನಿಯರ್‌ನದ್ದು. ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಚಿಪ್ಪು. ಹಲ್ಲು ಇದ್ದಲ್ಲೇ ಇರುತ್ತದೆ, ಓರೆ ಮಾತ್ರ ಮರೆಯಾಗುತ್ತದೆ. ಚಿಪ್ಪು ಕೂರಿಸಲು ಸಾಮಾನ್ಯವಾಗಿ ಎನಾಮೆಲ್ ಉಜ್ಜಿ ತೆಗೆಯುತ್ತಾರೆ, ಅದು ಮತ್ತೆ ಬೆಳೆಯುವುದಿಲ್ಲ. ಚಿಪ್ಪು ಹಾಳಾದಾಗ ಬದಲಿಸುವ ಖರ್ಚು ಜೀವನಪೂರ್ತಿ ಬೆನ್ನಿಗೇ ಇರುತ್ತದೆ. ಬಣ್ಣಗೆಟ್ಟ, ತುದಿ ಮುರಿದ ಹಲ್ಲಿಗೆ ವಿನಿಯರ್ ಸರಿ; ಗಟ್ಟಿಮುಟ್ಟಾದ ಓರೆ ಹಲ್ಲಿಗೆ ಮೊದಲು ಕ್ಲಿಪ್ಪಿನ ಬಗ್ಗೆಯೇ ಕೇಳಬೇಕು.

ಇಲ್ಲೋ, ಊರಲ್ಲೋ?

ತಂತಿ ಬಿಗಿ ಮಾಡಿಸಲು ನಾಲ್ಕರಿಂದ ಆರು ವಾರಕ್ಕೊಮ್ಮೆ ಹೋಗಬೇಕು. 18 ತಿಂಗಳಿಗೆ ಲೆಕ್ಕ ಹಾಕಿದರೆ 13ರಿಂದ 19 ಭೇಟಿ. ಊರಲ್ಲಿ ರೇಟು ಕಡಿಮೆ ನಿಜ, ಆದರೆ ಇಷ್ಟು ಸಲ ಹೋಗಿಬರಲು ಯಾರಿಂದ ಸಾಧ್ಯ? ಆದ್ದರಿಂದ ಗಲ್ಫಿನಲ್ಲಿ ಇರುವವರು ಇಲ್ಲೇ ಮಾಡಿಸುವುದು ವಾಸಿ. ಟ್ಯಾಕ್ಸಿ ಬಾಡಿಗೆ, ಅರ್ಧ ದಿನದ ಸಂಬಳವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮಕ್ಕಳು ಊರಲ್ಲೇ ಓದುತ್ತಿದ್ದರೆ ಚಿಕಿತ್ಸೆಯೂ ಅಲ್ಲೇ ಆಗಲಿ. ಮಂಗಳೂರು, ಮಣಿಪಾಲ, ಬೆಂಗಳೂರಿನ ಡೆಂಟಲ್ ಕಾಲೇಜು ಆಸ್ಪತ್ರೆಗಳಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ಏಳನೇ ವಯಸ್ಸಿಗೆ ಒಮ್ಮೆ ತೋರಿಸಿಟ್ಟರೆ ದವಡೆಯ ತೊಂದರೆ ಬೇಗ ಗೊತ್ತಾಗುತ್ತದೆ.

ವಿಮೆ ಮತ್ತು ವ್ಯಾಟ್

ಕಂಪನಿ ಕೊಡುವ ಸಾಮಾನ್ಯ ವಿಮೆಯಲ್ಲಿ ಹೆಚ್ಚಾಗಿ ಕ್ಲಿಪ್ ಸೇರಿರುವುದಿಲ್ಲ. 'ಡೆಂಟಲ್' ಎಂದು ಬರೆದಿದ್ದರೂ ಅದು ಫಿಲ್ಲಿಂಗ್, ಕೀಳಿಸುವುದಕ್ಕಷ್ಟೇ ಇರಬಹುದು. ಕಾರ್ಡ್ ನೋಡಿ ಖುಷಿಪಡದೆ, ಯಾವುದಕ್ಕೆ ಎಷ್ಟು ಎಂಬ ಪಟ್ಟಿಯನ್ನು ಎಚ್‌ಆರ್‌ನಿಂದ ಕೇಳಿ ಪಡೆಯಬೇಕು. ಯುಎಇಯಲ್ಲಿ ಚಿಕಿತ್ಸೆಯಾಗಿ ಮಾಡುವ ದಂತ ಸೇವೆಗೆ ವ್ಯಾಟ್ ಶೂನ್ಯ. ಬರೀ ಅಂದಕ್ಕಾಗಿ ಮಾಡಿಸುವುದಕ್ಕೆ ಶೇ. 5. ಬಿಲ್ಲಿನಲ್ಲಿ ಏನೆಂದು ಬರೆದಿದ್ದಾರೆ ನೋಡಿಕೊಳ್ಳಬೇಕು.

ಮುಂಗಡ ಕೊಡುವ ಮೊದಲು ಕೇಳಬೇಕಾದದ್ದು

1. ಚಿಕಿತ್ಸೆ ಮಾಡುವವರು ಆರ್ಥೊಡಾಂಟಿಸ್ಟ್ ತಾನೆ? ಭಾರತದಲ್ಲಾದರೆ ಬಿಡಿಎಸ್ ನಂತರ ಇದೇ ವಿಷಯದಲ್ಲಿ ಮೂರು ವರ್ಷದ ಎಂಡಿಎಸ್ ಆಗಿರಬೇಕು. ದುಬೈಯಲ್ಲಾದರೆ ಡಿಎಚ್‌ಎ ಪರವಾನಗಿಯಲ್ಲಿ ಏನೆಂದು ನಮೂದಾಗಿದೆ?

2. ಹೇಳಿದ ಮೊತ್ತದಲ್ಲಿ ಎಕ್ಸ್‌ರೇ, ಕ್ಲೀನಿಂಗ್, ಹಲ್ಲು ಕೀಳುವುದು, ಕಿತ್ತುಬಂದ ಕ್ಲಿಪ್ ಮತ್ತೆ ಅಂಟಿಸುವುದು, ಕೊನೆಯ ರಿಟೇನರ್ ಎಲ್ಲ ಸೇರಿದೆಯೇ?

3. ಭೇಟಿಗೆ ತಕ್ಕಂತೆ ಕಂತಿನಲ್ಲಿ ಕೊಡಬಹುದೇ?

4. ಕೆಲಸ ಹೋಗಿ ವೀಸಾ ರದ್ದಾದರೆ ಉಳಿದ ಹಣ ವಾಪಸ್ ಬರುತ್ತದೆಯೇ? ಮೊದಲಿನ ಫೋಟೊ, ಎಕ್ಸ್‌ರೇ, ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್, ಚಿಕಿತ್ಸೆಯ ಯೋಜನೆ ಕೈಗೆ ಕೊಡುತ್ತಾರೆಯೇ?

ನಾಲ್ಕನೆಯದಕ್ಕೆ ಉತ್ತರ ಬರಹದಲ್ಲಿ ಇರಲಿ. ಆ ದಾಖಲೆ ಇದ್ದರೆ ಊರಿನ ಡಾಕ್ಟರು ಅಲ್ಲಿಂದ ಮುಂದುವರಿಸಬಹುದು, ಅವರ ಫೀಸು ಬೇರೆ ಆಗುತ್ತದೆ. ಏನೂ ವ್ಯವಸ್ಥೆ ಇಲ್ಲದೆ ತಂತಿ ಹಾಕಿಕೊಂಡೇ ಹೊರಟರೆ ಹಲ್ಲು ಬೇಡದ ಕಡೆಗೆ ಸರಿಯಬಹುದು, ಕ್ಲಿಪ್ಪಿನ ಸುತ್ತ ಹುಳುಕೂ ಹಿಡಿಯಬಹುದು.

ಕ್ಲಿಪ್ ತೆಗೆದರೂ ಕೆಲಸ ಮುಗಿಯಲಿಲ್ಲ. ಹಲ್ಲುಗಳು ಹಳೆಯ ಜಾಗಕ್ಕೆ ಮರಳಲು ನೋಡುತ್ತವೆ. ಅದನ್ನು ತಡೆಯುವ ರಿಟೇನರನ್ನು ಮೊದಲು ಹಗಲೂ ರಾತ್ರಿ, ಆಮೇಲೆ ರಾತ್ರಿ ಮಾತ್ರ, ವರ್ಷಗಟ್ಟಲೆ ಹಾಕಬೇಕು. ಇದನ್ನು ಬಿಟ್ಟರೆ ಎರಡು ವರ್ಷದ ದುಡ್ಡು, ಓಡಾಟ ಎರಡೂ ನೀರಿನಲ್ಲಿ ಹೋಮ.