ನಿಮಗಿದು ಗೊತ್ತೆ? ಎಂಜಿನ್ ಹೊರಬರಲು ನೌಕೆಯ ನೆತ್ತಿ ತೆರೆಯಬೇಕು!

ಕೋಣೆಗಳುಳ್ಳ ವಿಹಾರನೌಕೆಯ ಒಡಲೊಳಗಣ ಎಂಜಿನ್ನನ್ನು ಹೊರತೆಗೆಯುವ ಪ್ರಸಂಗ ಒದಗಿದಾಗ, ಎಷ್ಟೋ ವೇಳೆ ಅದರ ತಿರುಪುಗಳನ್ನು ಬಿಚ್ಚಿದರಷ್ಟೇ ಸಾಲದು, ನೌಕೆಯ ಅಟ್ಟವನ್ನೇ ಕೊಯ್ಯಬೇಕಾಗುತ್ತದೆ. ಏಕೆಂದರೆ ನಿರ್ಮಾಣಕಾಲದಲ್ಲಿ ಯಂತ್ರವನ್ನು ಮೊದಲು ಒಡಲಿಗಿಳಿಸಿ, ಕೋಣೆ, ಮೇಲಟ್ಟಗಳನ್ನು ಅನಂತರ ಕೂಡಿಸಿರುತ್ತಾರೆ.

ಮಹಾನೌಕೆಗಳಿಗೂ ಈ ಸಂಕಟ ತಪ್ಪಿದ್ದಲ್ಲ. ‘ಕ್ವೀನ್ ಎಲಿಜಬೆತ್ 2’ ಎಂಬ ಪ್ರಯಾಣಿಕರ ಹಡಗು 1986ರಲ್ಲಿ ಜರ್ಮನಿಯ ಬ್ರೆಮರ್‌ಹಾವನ್ ಬಂದರನ್ನು ಸೇರಿ, ಉಗಿಯಂತ್ರಗಳನ್ನು ತ್ಯಜಿಸಿ 9 ಡೀಸೆಲ್ ಎಂಜಿನ್ನುಗಳನ್ನು ಧರಿಸಿದಾಗ, ಅದರ ಹೊಗೆಗೊಳವೆಯನ್ನೇ ಕಳಚಿ, ಆ ರಂಧ್ರದ ಮೂಲಕ ಹಳೆಯ ಯಂತ್ರಸಾಮಗ್ರಿಯನ್ನು ಮೇಲಕ್ಕೆತ್ತಿದರು.

ಕಡಲ ಗಾಳಿಯೂ ಸೋಕದ ಶಲವಡಿ ಎಂಬ ಹಳ್ಳಿಯ ಎರೆಹೊಲದ ರೈತನಿಗೆ ಇದು ವಿಚಿತ್ರವೆನಿಸೀತು. ಆದರೆ ಅವನ ಟ್ರ್ಯಾಕ್ಟರಿನದೂ ಬೇರೊಂದು ಬಗೆಯ ಹಟವೇ ಸರಿ: ಬಹುತೇಕ ಟ್ರ್ಯಾಕ್ಟರುಗಳಲ್ಲಿ ಎಂಜಿನ್ನೇ ಬೆನ್ನೆಲುಬಾದುದರಿಂದ, ಅದನ್ನು ಬಿಡಿಸಿದೊಡನೆ ವಾಹನವೇ ಇಬ್ಭಾಗವಾಗುತ್ತದೆ! ಮಲ್ಪೆ, ಮಂಗಳೂರುಗಳ ಯಾಂತ್ರಿಕ ದೋಣಿಗಳಿಗಾದರೋ, ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆಯ ನಿಷೇಧವೇ ಇಂತಹ ದುರಸ್ತಿಗೆ ಸುಮುಹೂರ್ತ.

ನೌಕೆಯೊಳಕ್ಕೆ ಎಂಜಿನ್ನನ್ನು ಮರಳಿ ಕೂಡಿಸುವುದಂತೂ ಇನ್ನೂ ಸೂಕ್ಷ್ಮವಾದುದು. ಎಂಜಿನ್ನನ್ನೂ ಚಾಲಕದಂಡವನ್ನೂ ಬೆಸೆಯುವ ಜೋಡುತಟ್ಟೆಗಳ ವ್ಯಾಸ 100 ಮಿ.ಮೀ. ಇದ್ದರೆ, ಅವುಗಳ ಓರೆ ಮಿ.ಮೀ.ನ ಹತ್ತನೆಯ ಒಂದು ಭಾಗವನ್ನು ಮೀರಲಾಗದು. ಈ ಅಳತೆಯನ್ನು ದಡದ ಮೇಲೆ ಮುಗಿಸುವಂತೆಯೂ ಇಲ್ಲ. ನೀರಿಗಿಳಿದಾಗ ನೌಕೆಯ ಮೈ ಕಿಂಚಿತ್ ಬಾಗುವುದರಿಂದ, ತೇಲುತ್ತಿರುವಾಗಲೇ ಇನ್ನೊಮ್ಮೆ ಪರೀಕ್ಷಿಸಬೇಕು.