ಜಾಡಿಯೊಳಗಿನ ಚಳಿ



ಕೃತಕ ಗರ್ಭಧಾರಣೆಗೆ ಬಂದವರು ಜಾಡಿಯ ಮುಚ್ಚಳ ತೆಗೆದಾಗ ಬಿಳಿ ಹೊಗೆ ಏಳುವುದನ್ನು ನೋಡಿದ್ದೀರಿ. ಅದು ಹೊಗೆಯಲ್ಲ, ಗಾಳಿಯಲ್ಲಿದ್ದ ನೀರಾವಿ ಚಳಿಗೆ ಹನಿಗಟ್ಟಿದ್ದು. ಒಳಗಿರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಆ ಚಳಿಯಲ್ಲಿ ವೀರ್ಯದ ಕಣಗಳ ಓಡಾಟ ಬಹುತೇಕ ನಿಂತಿರುತ್ತದೆ. ಹಾಗಾಗಿ ಅದು ವರ್ಷಗಟ್ಟಲೆ ಕೆಡುವುದಿಲ್ಲ.

ಆದರೆ ದ್ರವ ದಿನವೂ ಅನಿಲವಾಗಿ ಹಾರಿಹೋಗುತ್ತದೆ. ಮಟ್ಟ ತೀರಾ ಇಳಿದರೆ, ಇಲ್ಲವೇ ಸ್ಟ್ರಾವನ್ನು ಪದೇಪದೇ ಮೇಲೆತ್ತಿದರೆ, ಒಳಗಿನ ಮಂಜಿನ ಹರಳುಗಳು ದೊಡ್ಡದಾಗಿ ವೀರ್ಯಾಣುಗಳ ಪೊರೆ ಹರಿಯುತ್ತವೆ.

ಹೊರತೆಗೆದ ಸ್ಟ್ರಾವನ್ನು 37 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ 30 ಸೆಕೆಂಡು ಇಟ್ಟು ಕರಗಿಸಬೇಕು. ಅಂಗೈಯಲ್ಲಿ ಉಜ್ಜಿ ಅಲ್ಲ. ಗರ್ಭ ನಿಲ್ಲದಿದ್ದರೆ ಮುಂದಿನ ಬೆದೆಗೆ ಸುಮಾರು 21 ದಿನ ಕಾಯಬೇಕು, ಮೇವಿನ ಖರ್ಚು ನಿಮ್ಮದೇ. ನೀರು ಕಾಯಿಸಿಡಿ, ನಿಂತು ನೋಡಿ, ಕೇಳಲು ಸಂಕೋಚ ಬೇಡ.