ಕುಡಿದು ಬಿದ್ದವರಿಗೆಲ್ಲ ನಿಶೆಯಷ್ಟೇ ಅಲ್ಲ

ಮದ್ಯ ಕುಡಿದವರು ಮನೆಯಲ್ಲಿ ಬಿದ್ದು ಪ್ರಜ್ಞೆ ತಪ್ಪಲು ನಿಶೆಯೊಂದೇ ಕಾರಣವಲ್ಲ. ಮದ್ಯವು ದೇಹದ ಸಮತೋಲ ಸಂಭಾಳಿಸುವ ಕಿರುಮೆದುಳನ್ನು ಮಂಕಾಗಿಸುತ್ತದೆ, ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಪದೇಪದೇ ಮೂತ್ರ ಮಾಡಿಸಿ ಮೈಯ ನೀರನ್ನು ಕಳೆಯುತ್ತದೆ. ಥಟ್ಟನೆ ಎದ್ದು ನಿಂತರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ. ನಡುರಾತ್ರಿ ಎದ್ದುಹೋದ ಗಂಡಸರು ನಿಂತು ಮೂತ್ರ ಮಾಡುತ್ತಿರುವಾಗಲೇ ಕುಸಿಯುವುದು ವೈದ್ಯರಿಗೆ ಹೊಸದಲ್ಲ.

ಸಾಲ, ಸಾವು, ಕೆಲಸ ಹೋದ ಚಿಂತೆಯ ದಿನಗಳಲ್ಲಿ ಈ ಅಪಾಯ ಇನ್ನಷ್ಟು ಹತ್ತಿರ. ಊಟ ಬಿಟ್ಟಿರುತ್ತದೆ, ನಿದ್ದೆ ಕೆಟ್ಟಿರುತ್ತದೆ. ಬರಿ ಹೊಟ್ಟೆಯ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ. ಹೊಸ ಸಕ್ಕರೆ ತಯಾರಿಸುವ ಯಕೃತ್ತಿನ ಕೆಲಸಕ್ಕೂ ಅಡ್ಡಿಯಾಗಿ ರಕ್ತದ ಸಕ್ಕರೆ ಕುಸಿಯಬಹುದು. ಜೊತೆಗೆ ನಿದ್ದೆ ಮಾತ್ರೆ ನುಂಗಿದ್ದರೆ ಉಸಿರೇ ಮಂದವಾಗಬಹುದು. ದಿನವೂ ಕುಡಿಯುವವರು ಹಟ ಹಿಡಿದು ಒಮ್ಮೆಲೇ ಬಿಟ್ಟರೂ ಕಷ್ಟ: 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು.

ಬಿದ್ದಾಗ ತಲೆಗಾಗುವ ಪೆಟ್ಟು ಇನ್ನೊಂದು ಅಪಾಯ. 1981ರ ನವೆಂಬರಿನಲ್ಲಿ ಹಾಲಿವುಡ್ ನಟ ವಿಲಿಯಂ ಹೋಲ್ಡನ್ ಸಾಂಟಾ ಮೋನಿಕಾದ ಮನೆಯಲ್ಲಿ ಒಬ್ಬರೇ ಕುಡಿದಿದ್ದಾಗ ನೆಲಹಾಸಿನ ಮೇಲೆ ಜಾರಿ, ಮಂಚದ ಪಕ್ಕದ ಮೇಜಿಗೆ ತಲೆ ಬಡಿದು, ರಕ್ತ ಸೋರಿ ತೀರಿಕೊಂಡರು. ಗೊತ್ತಾದದ್ದು ಕೆಲವು ದಿನಗಳ ಮೇಲೆ. ಅಲ್ಲಿ ಯಾರೂ ಇರಲಿಲ್ಲ. ಮನೆ ತುಂಬ ಜನರಿರುವಲ್ಲಿ ದಾರಿ ತಪ್ಪಿಸುವುದು ಮದ್ಯದ ವಾಸನೆ. ‘ಇಳಿದ ಮೇಲೆ ತಾನೇ ಏಳ್ತಾನೆ’ ಎಂದು ಹೊದಿಸಿ ಮಲಗಿಸುತ್ತಾರೆ. ಬೇಸತ್ತ ಮನೆಯವರನ್ನು ದೂರುವಂತೆಯೂ ಇಲ್ಲ. ಆದರೆ ಬಹುಕಾಲ ಕುಡಿದವರ ಮೆದುಳು ಕುಗ್ಗಿ, ಅದರ ಹೊರಗಿನ ಸಣ್ಣ ರಕ್ತನಾಳಗಳು ಬಿಗಿದುಕೊಂಡಿರುತ್ತವೆ. ಸಣ್ಣ ಪೆಟ್ಟಿಗೂ ಹರಿದುಹೋಗಬಹುದು. ಯಕೃತ್ತು ಕೆಟ್ಟಿದ್ದರೆ ರಕ್ತ ಬೇಗ ಹೆಪ್ಪುಗಟ್ಟದು. ತಲೆಯೊಳಗಿನ ಸೋರಿಕೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನಡೆಯುತ್ತದೆ. ಮಂಪರು, ತೊದಲು, ವಾಂತಿ ಎಲ್ಲವೂ ನಿಶೆಯ ಹಾಗೆಯೇ ಕಾಣುವುದರಿಂದ ಸಿ.ಟಿ. ಸ್ಕ್ಯಾನ್ ಇಲ್ಲದೆ ವೈದ್ಯರಿಗೂ ಖಚಿತವಾಗಿ ಹೇಳಲಾಗದು.

ಮಲಗಿದೊಡನೆ ನಿಶೆ ಇಳಿಯತೊಡಗುತ್ತದೆ ಎಂಬುದೂ ತಪ್ಪು. ಯಕೃತ್ತು ಗಂಟೆಗೆ ಸುಮಾರು 30 ಮಿ.ಲೀ. ಪೆಗ್ ಒಂದನ್ನಷ್ಟೇ ಕರಗಿಸಬಲ್ಲದು. ಕೊನೆಗೆ ಕುಡಿದದ್ದು ನಿದ್ದೆಯಲ್ಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಕಾಫಿ, ಮಜ್ಜಿಗೆ, ನಿಂಬೆರಸ, ತಣ್ಣೀರು ಇವುಗಳಿಂದ ನಿಶೆ ಬೇಗ ಇಳಿಯುವುದಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ಹಾಕಿದರೆ ಶ್ವಾಸನಾಳಕ್ಕೆ ಹೋಗಬಹುದು. ಅಂಗಾತ ಮಲಗಿದವರಿಗೆ ವಾಂತಿಯೂ ಅಷ್ಟೇ ಅಪಾಯ. ಉಸಿರಾಡುತ್ತಿದ್ದರೆ ತಲೆ, ಕುತ್ತಿಗೆ ತಿರುಚದಂತೆ ಹಿಡಿದು ಒಂದು ಪಕ್ಕಕ್ಕೆ ಹೊರಳಿಸಬೇಕು. ಅಲುಗಿಸಿ ಕೂಗಿದರೂ ಏಳದಿದ್ದರೆ, ಉಸಿರು ತಡೆತಡೆದು ಬಂದರೆ, ಫಿಟ್ಸ್ ಬಂದರೆ, ತಲೆಗೆ ಪೆಟ್ಟಾಗಿದ್ದರೆ ಬೆಳಗಿನ ತನಕ ಕಾಯದೆ 108ಕ್ಕೆ ಕರೆ ಮಾಡಬೇಕು. ಎಷ್ಟು ಕುಡಿದಿದ್ದರು, ಯಾವ ಮಾತ್ರೆ ನುಂಗಿದ್ದರು ಎಂಬುದನ್ನು ಮರ್ಯಾದೆಗೆ ಅಂಜಿ ವೈದ್ಯರಿಂದ ಮುಚ್ಚಿಟ್ಟರೆ ಚಿಕಿತ್ಸೆಯೇ ತಪ್ಪಬಹುದು. ಚೇತರಿಸಿಕೊಂಡ ಮೇಲೆ, ಕುಡಿತಕ್ಕೆ ದೂಡಿದ ಚಿಂತೆಯ ಬಗ್ಗೆ ಕನ್ನಡದಲ್ಲೇ ಮಾತಾಡಲು ಟೆಲಿ-ಮಾನಸ್ ಸಹಾಯವಾಣಿ 14416 ಇದೆ.